ಪೆಪ್ಪರ್ ಸ್ಪ್ರೇ, ಸೀಟಿ, ಕರಾಟೆ: ಯಾರಿಗೆ ಯಾವುದು?

ಅಣ್ಣನ ಮಗಳಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಪೇಡೆ ಹಂಚಿ ಮುಗಿಯುವ ಮೊದಲೇ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು ಶುರುವಾಯಿತು. ಹಾಸ್ಟೆಲ್ ಸಿಗುವ ತನಕ ಹುಡುಗಿ ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರಬೇಕು. ಚಳಿಗಾಲದಲ್ಲಿ ವಾಪಸ್ ಬರುವಷ್ಟರಲ್ಲಿ ಕತ್ತಲೆ. ಅಣ್ಣ ಪೆಪ್ಪರ್ ಸ್ಪ್ರೇ ಆರ್ಡರ್ ಮಾಡೋಣ ಅಂದ. ವೈನಿ ಕರಾಟೆ ಕ್ಲಾಸಿಗೆ ಹಾಕೋಣ ಅಂದರು. ಅವ್ವ ಅಡುಗೆಮನೆಯಿಂದಲೇ, "ಒಂದು ಪುಡಿಕಿ ಖಾರಪುಡಿ ಇಟ್ಕೊಂಡ್ರ ಸಾಕು, ನಮ್ಮ ಕಾಲಕ್ಕ ಅದೇ ಇತ್ತು" ಅಂದಳು. ಹುಡುಗಿ ನನ್ನ ಮುಖ ನೋಡಿದಳು. "ಅತ್ತಿ, ಖರೇ ಹೇಳು, ಯಾವ್ದು ಕೆಲಸಕ್ಕ ಬರ್ತದ?"

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬ್‌ನಲ್ಲಿದ್ದೇನೆ. ಎರಡನೇ ಶಿಫ್ಟ್ ಮುಗಿಯುವುದು ರಾತ್ರಿ ಒಂಬತ್ತೂವರೆಗೆ. ಅಲ್ಲಿಂದ ರಿಂಗ್ ರೋಡ್ ಹಿಡಿದು ಸ್ಕೂಟಿಯಲ್ಲಿ ಮನೆಗೆ. ಹನ್ನೊಂದು ವರ್ಷದಲ್ಲಿ ನನ್ನ ಬ್ಯಾಗಿನಲ್ಲಿ ಏನೇನೋ ಬಂದು ಹೋಗಿವೆ. ಕೆಲವಕ್ಕೆ ಕೊಟ್ಟ ದುಡ್ಡು ದಂಡ. ಒಂದೇ ಒಂದು ಸಲ ನಿಜವಾಗಿ ಪ್ರಸಂಗ ಬಂದಾಗ ಉಪಯೋಗಕ್ಕೆ ಬಂದದ್ದು ಬ್ಯಾಗಿನಲ್ಲಿದ್ದ ವಸ್ತುವೇ ಅಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ನಿಮಗೆ ಎಲ್ಲಿ, ಯಾರಿಂದ ಭಯ ಅಂತ ಯೋಚಿಸಿ. ನಾವೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರ ಒಂದೇ: ಕತ್ತಲ ಗಲ್ಲಿ, ಗುರುತಿಲ್ಲದ ಗಂಡಸು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷ ಹೊರತರುವ ಲೆಕ್ಕ ನೋಡಿ. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಕಡೆ ಆರೋಪಿ ಗೊತ್ತಿದ್ದವನೇ. ಸಂಬಂಧಿಕ, ಪಕ್ಕದ ಮನೆಯವನು, ಗೆಳೆಯ, ಕೆಲಸದ ಜಾಗದವನು.

ಈ ಒಂದು ಅಂಕಿ ಇಡೀ ಹೋಲಿಕೆಯನ್ನೇ ತಲೆಕೆಳಗು ಮಾಡುತ್ತದೆ. ಮದುವೆ ಮನೆಯಲ್ಲಿ ಭುಜದ ಮೇಲೆ ಕೈ ಇಟ್ಟು ತೆಗೆಯದ ದೂರದ ಮಾವನ ಮೇಲೆ ಯಾರಾದರೂ ಪೆಪ್ಪರ್ ಸ್ಪ್ರೇ ಹೊಡೆಯುತ್ತಾರಾ? ಹೊಡೆಯುವುದಿಲ್ಲ. ಅಲ್ಲಿ ಬೇಕಾದ ಉಪಾಯವೇ ಬೇರೆ. ಹಾಗಾಗಿ "ಯಾವುದು ಒಳ್ಳೆಯದು" ಅನ್ನುವುದಕ್ಕಿಂತ "ಯಾವ ಜಾಗಕ್ಕೆ ಯಾವುದು" ಅಂತ ಕೇಳುವುದು ಸರಿ.

ಪೆಪ್ಪರ್ ಸ್ಪ್ರೇ: ಒಳ್ಳೆಯದೇ, ಆದರೆ ಗಾಳಿ ನೋಡಿ

ಎಲ್ಲರೂ ಮೊದಲು ಕೇಳುವುದು ಇದನ್ನೇ, ಅದಕ್ಕೆ ಇದರಿಂದಲೇ ಶುರು ಮಾಡುತ್ತೇನೆ. ಒಳಗಿರುವುದು ಮೆಣಸಿನಕಾಯಿಯಿಂದ ತೆಗೆದ ಖಾರದ ಎಣ್ಣೆ. ಕಣ್ಣಿಗೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಮ್ಮು ಬರುತ್ತದೆ, ಮುಖ ಉರಿಯುತ್ತದೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ತನಕ ಅವನು ಸುಧಾರಿಸಿಕೊಳ್ಳುವುದು ಕಷ್ಟ. ಸಾಧಾರಣ ಆರರಿಂದ ಹತ್ತು ಅಡಿ ದೂರ ಹೋಗುತ್ತದೆ. ನಮ್ಮಲ್ಲಿ ಇದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಆನ್‌ಲೈನ್‌ನಲ್ಲೂ ಸಿಗುತ್ತದೆ, ಕೆಲವು ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಇನ್ನೂರು, ಮುನ್ನೂರು ರೂಪಾಯಿಯ ಮಾತು.

ಇದರ ದೊಡ್ಡ ಲಾಭ ದೂರ. ಅವನು ನಿಮ್ಮನ್ನು ಮುಟ್ಟುವ ಮೊದಲೇ ಕೆಲಸ ಆಗಬಹುದು. ಚಾಕು, ಕರೆಂಟ್ ಹೊಡೆಯುವ ಸ್ಟನ್ ಗನ್ ಇವಕ್ಕೆಲ್ಲ ಅವನು ಕೈಗೆ ಸಿಗುವಷ್ಟು ಹತ್ತಿರ ಬರಬೇಕು. ಅಷ್ಟು ಹತ್ತಿರ ಬಂದವನು ಅದನ್ನು ನಿಮ್ಮ ಕೈಯಿಂದಲೇ ಕಿತ್ತುಕೊಳ್ಳಬಹುದು. ಅವೆರಡನ್ನೂ ನಾನು ಯಾರಿಗೂ ಹೇಳುವುದಿಲ್ಲ. ಮುಂದಕ್ಕೆ ಹೋಗೋಣ.

ಈಗ ತೊಂದರೆಗಳು. ಸ್ಪ್ರೇ ತಂದ ಹೊಸದರಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಮಾಳಿಗೆ ಮೇಲೆ ಪ್ರಯೋಗ ಮಾಡಿದೆವು. ಹಳೇ ಗೋಣಿಚೀಲ ಒಂದನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕಿ, ಎಂಟು ಅಡಿ ಹಿಂದೆ ನಿಂತು ಗುಂಡಿ ಒತ್ತಿದೆ. ಜುಲೈ ತಿಂಗಳು, ಗಾಳಿ ಬೀಸುತ್ತಿತ್ತು. ಚೀಲಕ್ಕೆ ಅರ್ಧ, ನಮಗೆ ಅರ್ಧ. ಇಬ್ಬರೂ ಕೆಮ್ಮುತ್ತಾ ಕಣ್ಣು ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕುಳಿತೆವು. ಕೆಳಗಿನಿಂದ ಪಕ್ಕದ ಮನೆ ಕಾಕು ಕೂಗಿದರು, "ಯಾರ ಮನ್ಯಾಗ ಒಗ್ಗರಣಿ ಸೀದದ?"

ನಗು ಬಂದರೂ ಪಾಠ ಸಿಕ್ಕಿತು. ಮಂಜಿನ ಹಾಗೆ ಹರಡುವ ಸ್ಪ್ರೇ ಗುರಿ ಇಡಲು ಸುಲಭ, ಆದರೆ ಗಾಳಿಗೆ ತಿರುಗಿ ಬರುತ್ತದೆ. ನೀರಿನ ಧಾರೆಯ ಹಾಗೆ ಹೋಗುವುದು ಗಾಳಿಗೆ ಅಷ್ಟು ಬಾಗುವುದಿಲ್ಲ, ಆದರೆ ಗುರಿ ಸರಿ ಇರಬೇಕು. ಜೆಲ್ ಇನ್ನೂ ಗಟ್ಟಿ, ಮುಖಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಕಡೆಯ ಬಯಲು ರಸ್ತೆಗಳಿಗೆ, ಅದರಲ್ಲೂ ಊರ ಹೊರಗಿನ ರಿಂಗ್ ರೋಡ್‌ಗೆ, ಧಾರೆಯ ತರಹದ್ದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಬಸ್ಸು, ಆಟೊ, ಲಿಫ್ಟ್ ಒಳಗೆ ಯಾವುದನ್ನು ಹೊಡೆದರೂ ನಿಮಗೂ ಪಾಲು ಇದ್ದೇ ಇರುತ್ತದೆ.

ಇನ್ನೊಂದು ನಮ್ಮ ಕಡೆಯದೇ ಸಮಸ್ಯೆ, ಬಿಸಿಲು. ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತು, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಂಥ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ, 50 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಇಡಬೇಡಿ ಅಂತ. ಬಿಸಿಲಲ್ಲಿ ನಿಂತ ಸ್ಕೂಟಿಯ ಡಿಕ್ಕಿ ಒಳಗೆ ಅಷ್ಟು ಬಿಸಿ ಆರಾಮವಾಗಿ ಆಗುತ್ತದೆ. ನನ್ನದು ಹಾಗೇ ಸೋರಿತು. ಡಿಕ್ಕಿ ತೆಗೆದಾಗ ರೇನ್‌ಕೋಟಿನ ಮೇಲೆ ಕಿತ್ತಳೆ ಬಣ್ಣದ ಕಲೆ. ಏನಿದು ಅಂತ ಮುಟ್ಟಿದೆ. ಬೆವರಿತ್ತು, ಅದೇ ಕೈಯಿಂದ ಹಣೆ ಒರೆಸಿಕೊಂಡೆ. ಆಮೇಲಿನದು ಕೇಳಬೇಡಿ. ಅದು ಎಣ್ಣೆ ಜಾತಿಯದು, ಬರೀ ನೀರಿಗೆ ಬೇಗ ಹೋಗುವುದಿಲ್ಲ. ಉಜ್ಜಬಾರದು. ತಣ್ಣೀರು ಹರಿಸುತ್ತಾ ಕಣ್ಣು ಪಿಳುಕಿಸಬೇಕು, ಚರ್ಮಕ್ಕೆ ಸೋಪು ಅಥವಾ ಮಕ್ಕಳ ಶಾಂಪೂ ಹಾಕಿ ತೊಳೆಯಬೇಕು.

ಕೊಳ್ಳುವಾಗ ಡಬ್ಬಿಯ ಮೇಲೆ ತಾರೀಖು ನೋಡಿ. ಎರಡು, ಮೂರು ವರ್ಷದಲ್ಲಿ ಒಳಗಿನ ಒತ್ತಡ ಇಳಿಯುತ್ತದೆ. ಮನೆಗೆ ತಂದ ದಿನವೇ ಹೊರಗೆ ನಿಂತು, ಗಾಳಿ ಬೆನ್ನಿಗಿರುವಂತೆ ನೋಡಿಕೊಂಡು, ಅರ್ಧ ಸೆಕೆಂಡ್ ಒತ್ತಿ ನೋಡಿ. ಲಾಕ್ ಯಾವ ಕಡೆ ತಿರುಗುತ್ತದೆ ಅಂತ ಹೆಬ್ಬೆರಳಿಗೆ ಗೊತ್ತಾಗಬೇಕು, ಕಣ್ಣಿಗಲ್ಲ. ಹೊಡೆಯುವಾಗ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಗೆರೆ ಎಳೆದ ಹಾಗೆ ಕಣ್ಣಿನ ಮೇಲೆ ಎಳೆಯಿರಿ. ಎಳೆದು ಪಕ್ಕಕ್ಕೆ ಸರಿಯಿರಿ, ಯಾಕೆಂದರೆ ಕಣ್ಣು ಕಾಣದವನು ನೇರ ಮುಂದಕ್ಕೆ ನುಗ್ಗುತ್ತಾನೆ. ಆಮೇಲೆ ಓಡಿ. ಹೇಗಾಯಿತು ಅಂತ ನಿಂತು ನೋಡಬೇಡಿ. ಅಂದ ಹಾಗೆ, ವಿಮಾನದಲ್ಲಿ ಹೊರಡುವವರು ಕೈಚೀಲದಿಂದ ತೆಗೆದಿಟ್ಟು ಹೋಗಿ. ವಿಮಾನದೊಳಗೆ ಅದನ್ನು ಒಯ್ಯಲು ಬಿಡುವುದಿಲ್ಲ.

ಖಾರಪುಡಿ, ಪಿನ್ನು, ಸೀಟಿ

ಅವ್ವನ ಖಾರಪುಡಿ ಬಗ್ಗೆ ಗೌರವ ಇಟ್ಟುಕೊಂಡೇ ಬೇಡ ಅನ್ನುತ್ತೇನೆ. ಪುಡಿಕೆ ಬಿಚ್ಚಲು ಎರಡೂ ಕೈ ಬೇಕು. ಎಸೆದರೆ ಒಂದೇ ಏಟು. ಗಾಳಿ ಬಂದರೆ ನಮ್ಮ ಕಣ್ಣಿಗೇ.

ಪಿನ್ನು ಬೇರೆ ಮಾತು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಒತ್ತುವವನಿಗೆ ಸೀರೆ ಪಿನ್ನಿಗಿಂತ ಒಳ್ಳೆ ಉತ್ತರ ನಮ್ಮ ಅಜ್ಜಿಯರ ಕಾಲದಿಂದ ಇನ್ನೊಂದು ಬಂದಿಲ್ಲ. ಆದರೆ ಅದು ಬಸ್ಸಿಗಷ್ಟೇ. ನಿಜವಾದ ಹಲ್ಲೆಗೆ ಪಿನ್ನು ಸಾಲದು, ಅವನ ಸಿಟ್ಟನ್ನು ಜಾಸ್ತಿ ಮಾಡಬಹುದು.

ಸೀಟಿಯನ್ನು ಜನ ಕಡೆಗಣಿಸುತ್ತಾರೆ. ಆಟದ ಸಾಮಾನಿನ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗುತ್ತದೆ. ಒಳಗೆ ಕಾಳು ಇಲ್ಲದ, ಅಂಪೈರ್‌ಗಳು ಬಳಸುವ ತರಹದ್ದು ತಗೊಳ್ಳಿ, ಒದ್ದೆಯಾದರೂ ಊದುತ್ತದೆ. ಬ್ಯಾಟರಿ ಇಲ್ಲ, ಎಕ್ಸ್‌ಪೈರಿ ಇಲ್ಲ, ಬಿಸಿಲಿಗೆ ಸೋರುವುದಿಲ್ಲ. ಗಂಟಲು ಒಣಗಿ ದನಿ ಹೊರಡದಿದ್ದಾಗ ಸೀಟಿ ಕೂಗುತ್ತದೆ. ಒಂದು ಕೊರತೆ ಇದೆ: ಊದಲು ಉಸಿರು ಬೇಕು, ಕೈ ಬಾಯಿಗೆ ಹೋಗಬೇಕು. ಅದಕ್ಕೆ ಪಿನ್ ಎಳೆದರೆ ಕಿರುಚುವ ಅಲಾರಂ ಬಂದಿದೆ. ಆ ಪುಟ್ಟ ಡಬ್ಬಿಯ ಸದ್ದು 120 ಡೆಸಿಬಲ್ ಮೇಲಿರುತ್ತದೆ, ಪಿನ್ ಮತ್ತೆ ಸಿಕ್ಕಿಸುವ ತನಕ ನಿಲ್ಲುವುದಿಲ್ಲ. ಎಳೆದು ಡಬ್ಬಿಯನ್ನು ದೂರ ಎಸೆದುಬಿಡಬಹುದು. ಎರಡರಲ್ಲಿ ಒಂದು ಅಂದರೆ, ಸೂಪರ್ ಮಾರ್ಕೆಟ್, ಜಗತ್ ಸರ್ಕಲ್‌ನಂತಹ ಜನ ಇರುವ ಕಡೆ ಓಡಾಡುವವರಿಗೆ ಅಲಾರಂ. ಹೊಲದ ದಾರಿಯಲ್ಲಿ ನಡೆಯುವ ಹಳ್ಳಿಯ ಹುಡುಗಿಯರಿಗೆ ಸೀಟಿ. ಸೆಲ್ ಮುಗಿಯಿತಾ ಅಂತ ಯಾರೂ ತಿಂಗಳು ತಿಂಗಳು ನೋಡುವುದಿಲ್ಲ, ಅಲ್ವಾ? ಸುತ್ತ ಅರ್ಧ ಕಿಲೋಮೀಟರ್ ಯಾರೂ ಇಲ್ಲದ ಕಡೆ ಎರಡಕ್ಕೂ ಬಲ ಕಮ್ಮಿ ಅನ್ನುವುದನ್ನೂ ನೆನಪಿಡಿ.

ಮೊಬೈಲು: ಗುಂಡಿ ಎಷ್ಟು ಸಲ ಒತ್ತಬೇಕು?

112 ಎಲ್ಲರಿಗೂ ಗೊತ್ತು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ನಂಬರ್. ಆದರೆ ಲಾಕ್ ತೆಗೆದು, ನಂಬರ್ ಒತ್ತಿ, ಕಿವಿಗೆ ಹಿಡಿಯುವಷ್ಟು ಪುರಸೊತ್ತು ಆ ಹೊತ್ತಿಗೆ ಇರುತ್ತದಾ? ಅದಕ್ಕೇ ಪವರ್ ಗುಂಡಿಯ ಏರ್ಪಾಟು ಇದೆ. ಕೆಲವು ಸ್ಮಾರ್ಟ್‌ಫೋನ್‌ಗಳಲ್ಲಿ ಮೂರು ಸಲ, ಹಲವು ಹೊಸ ಫೋನ್‌ಗಳಲ್ಲಿ ಐದು ಸಲ ಪಟಪಟ ಒತ್ತಬೇಕು. ಗುಂಡಿ ಇರುವ ಹಳೇ ಮಾದರಿ ಫೋನ್‌ನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ನಿಮ್ಮದು ಯಾವುದು ಅಂತ ಈಗಲೇ ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ವಿಭಾಗ ತೆಗೆದು ನೋಡಿ. ಮನೆಯವರ ನಂಬರ್ ಅಲ್ಲೇ ಸೇರಿಸಿ. 112 ಇಂಡಿಯಾ ಆ್ಯಪ್ ಹಾಕಿಕೊಂಡರೆ ಮಹಿಳೆಯರಿಗೆ ಅಂತ ಇನ್ನೊಂದು ಸೌಲಭ್ಯ ಇದೆ, ಹತ್ತಿರದಲ್ಲಿರುವ ನೋಂದಾಯಿತ ಸ್ವಯಂಸೇವಕರಿಗೂ ಕರೆ ಹೋಗುತ್ತದೆ.

ರೈಲಿನಲ್ಲಿದ್ದರೆ 139. ಸೊಲ್ಲಾಪುರ, ವಾಡಿ ಕಡೆ ರಾತ್ರಿ ಗಾಡಿಯಲ್ಲಿ ಓಡಾಡುವವರು ಇದನ್ನು ಸೇವ್ ಮಾಡಿಟ್ಟುಕೊಳ್ಳಿ. ಮನೆಯೊಳಗಿನ ಹಿಂಸೆಗೆ, ಸಲಹೆಗೆ 181. ಫೋಟೊ ತಿರುಚಿ ಹೆದರಿಸುವವರಿಗೆ 1930.

ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ತರಹ ಕಳಿಸಬಹುದು. ಆಟೊ ಹತ್ತಿದಾಗ 1 ಗಂಟೆಯದು ಸಾಕು. ನಂಬರ್ ಪ್ಲೇಟ್ ಫೋಟೊ ತೆಗೆದು, ಚಾಲಕನಿಗೆ ಕೇಳುವ ಹಾಗೆ "ಆಟೊ ನಂಬರ್ ಕಳಿಸೀನಿ ನೋಡು ಅಣ್ಣಾ" ಅಂತ ಫೋನ್‌ನಲ್ಲಿ ಹೇಳಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆದರೆ ದಿನವಿಡೀ ಲೊಕೇಶನ್ ಕೇಳುವ ಗಂಡನಿಗೋ ಗೆಳೆಯನಿಗೋ ಇದು ಸುರಕ್ಷತೆಯ ಹೆಸರಿನ ಹಗ್ಗ ಆಗಬಹುದು. ಯಾರಿಗೆ, ಎಷ್ಟು ಹೊತ್ತು ಅನ್ನುವುದು ನಿಮ್ಮ ಕೈಯಲ್ಲೇ ಇರಲಿ.

ಫೋನಿನ ನಿಜವಾದ ಮಿತಿ ಒಂದೇ. ಅದು ಸಹಾಯವನ್ನು ಕರೆಯುತ್ತದೆ, ಸಹಾಯ ಬರುವ ತನಕದ ಹತ್ತು ನಿಮಿಷ ನಿಮ್ಮದೇ. ಊರಿಂದ ದೂರ ನೆಟ್‌ವರ್ಕ್ ಇಲ್ಲದ ಕಡೆ ಅದೂ ಇಲ್ಲ. ಬೀದರ್‌ನಲ್ಲಿ ಮೊದಲು ಕಾಣಿಸಿಕೊಂಡ ಅಕ್ಕ ಪಡೆಯಂತಹ ಮಹಿಳಾ ಗಸ್ತು ತಂಡಗಳು ಒಳ್ಳೆಯವೇ, ಆದರೆ ಎಲ್ಲ ಗಲ್ಲಿಯಲ್ಲೂ ಎಲ್ಲ ಹೊತ್ತೂ ಇರಲು ಅವರಿಗೂ ಆಗುವುದಿಲ್ಲ.

ಕ್ಲಾಸು: ಕರಾಟೆನಾ, ಸ್ವರಕ್ಷಣೆಯ ಕೋರ್ಸಾ?

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ದುಡ್ಡು, ಸಮಯ ಎರಡೂ ಜಾಸ್ತಿ ಹೋಗುವುದು ಇಲ್ಲೇ. ಮೋಸ ಹೋಗುವುದೂ ಇಲ್ಲೇ.

ನಾನು ಮೊದಲು ಸೇರಿದ್ದು ಮನೆ ಹತ್ತಿರದ ಒಂದು ಕರಾಟೆ ಕ್ಲಾಸಿಗೆ. ಹೆಸರು ಬೇಡ. ಸುತ್ತ ಎಂಟು, ಹತ್ತು ವರ್ಷದ ಮಕ್ಕಳು, ನಡುವೆ ನಾನು. ಮೂರು ತಿಂಗಳು ಸಾಲಾಗಿ ನಿಂತು ಗಾಳಿಗೆ ಗುದ್ದಿದ್ದಾಯಿತು. ಒಂದು ದಿನ ಕೇಳಿದೆ, "ಸರ್, ಹಿಂದಿನಿಂದ ಜಡೆ ಹಿಡಿದು ಎಳೆದರೆ ಏನು ಮಾಡಬೇಕು?" ಅವರು ಯೋಚನೆ ಮಾಡಿ ಹೇಳಿದರು, "ಅದು ಈ ಬೆಲ್ಟ್‌ನ ಸಿಲಬಸ್‌ನಲ್ಲಿ ಬರಲ್ಲ ಮೇಡಂ."

ಕರಾಟೆಯ ತಪ್ಪಲ್ಲ. ಕರಾಟೆ, ಟೇಕ್ವಾಂಡೊ ಒಳ್ಳೆ ವಿದ್ಯೆಗಳು. ಮೈ ಗಟ್ಟಿಯಾಗುತ್ತದೆ, ಹೆದರಿಕೆ ಕಮ್ಮಿಯಾಗುತ್ತದೆ, ಏಟು ಬಿದ್ದರೆ ಬೆಚ್ಚುವುದು ನಿಲ್ಲುತ್ತದೆ. ಆದರೆ ಅವು ಮೂರು, ನಾಲ್ಕು ವರ್ಷದ ದಾರಿ. ಟೇಕ್ವಾಂಡೊದ ಎತ್ತರದ ಒದೆ ಚೂಡಿದಾರದಲ್ಲಿ, ಜಾರುವ ಚಪ್ಪಲಿಯಲ್ಲಿ ಕಷ್ಟ. ಹಿಡಿತದಿಂದ ಬಿಡಿಸಿಕೊಳ್ಳಲು, ಕೆಳಗೆ ಬಿದ್ದಾಗ ಏಳಲು ಜೂಡೊ ಕಲಿಸುವಷ್ಟು ಅವೆರಡೂ ಕಲಿಸುವುದಿಲ್ಲ. ಮಗಳು ಐದನೇ ಕ್ಲಾಸಿನಲ್ಲಿದ್ದರೆ ಹತ್ತಿರದಲ್ಲಿ ಯಾವುದಿದೆಯೋ ಅದಕ್ಕೆ ಹಾಕಿ, ವರ್ಷಗಳಿವೆ. ಸರ್ಕಾರಿ ಶಾಲೆಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಅಂತ ಮೂರು ತಿಂಗಳ ತರಬೇತಿ ಇದೆ, ಪುಕ್ಕಟೆ. ನಿಮ್ಮ ಶಾಲೆಯಲ್ಲಿ ನಡೆಯುತ್ತಿದೆಯಾ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿ. ಆದರೆ ಮುಂದಿನ ತಿಂಗಳು ಹೊಸ ಊರಿಗೆ ಹೋಗುವ ಹುಡುಗಿಗೆ ಬೇಕಾದದ್ದು ಬೇರೆ.

ಅದು ನನಗೆ ಎರಡನೇ ಸಲ ಸಿಕ್ಕಿತು. ಒಬ್ಬ ದೈಹಿಕ ಶಿಕ್ಷಣ ಶಿಕ್ಷಕಿ ಸಮುದಾಯ ಭವನದಲ್ಲಿ ಆರು ಭಾನುವಾರ ನಡೆಸಿದ ಕೋರ್ಸು. ಮೊದಲ ಭಾನುವಾರ ಒಂದು ಗುದ್ದೂ ಇಲ್ಲ. ಎದುರುಬದುರು ನಿಲ್ಲಿಸಿ "ಬೇಡ" ಅನ್ನಿಸಿದರು. ಅಷ್ಟೇ. ನಗದೆ, ತಲೆ ತಗ್ಗಿಸದೆ, "ಪ್ಲೀಸ್" ಸೇರಿಸದೆ. ಇಪ್ಪತ್ತು ಜನ ಹೆಂಗಸರು, ಅದರಲ್ಲಿ ಇಬ್ಬರು ಟೀಚರ್‌ಗಳು, ಒಬ್ಬರಿಗೂ ಮೊದಲ ಸಲ ದನಿ ಏಳಲಿಲ್ಲ. ನಾನಂತೂ ನಕ್ಕುಬಿಟ್ಟೆ. ಅವರು ಹೇಳಿದರು, "ನೋಡ್ರಿ, ನಕ್ಕೋತ ಬ್ಯಾಡ ಅಂದ್ರ ಅದು ಬ್ಯಾಡ ಅಂತ ಯಾರಿಗೆ ತಿಳೀತದ?"

ಮುಂದಿನ ವಾರಗಳಲ್ಲಿ ಮದುವೆ ಮನೆಯ ಮಾವ, ಲಿಫ್ಟ್ ಕೊಡ್ತೀನಿ ಅನ್ನುವ ಸಹೋದ್ಯೋಗಿ, ಟ್ಯೂಷನ್ ಸರ್, ಹೀಗೆ ಒಬ್ಬೊಬ್ಬರ ಪಾತ್ರ ಮಾಡಿಸಿದರು. ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು ಆಮೇಲೆ. ಅದನ್ನು ಇಲ್ಲೇ ಹೇಳುತ್ತೇನೆ, ಪಕ್ಕದಲ್ಲಿರುವವರ ಜೊತೆ ಮಾಡಿ ನೋಡಿ. ಹಿಡಿದವನ ಮುಷ್ಟಿಯಲ್ಲಿ ಒಂದೇ ಕಡೆ ಬಾಗಿಲು ಇರುತ್ತದೆ, ಹೆಬ್ಬೆರಳೂ ಬೆರಳುಗಳೂ ಕೂಡುವ ಜಾಗ. ನಾಲ್ಕು ಬೆರಳಿನ ಕಡೆ ಎಳೆದರೆ ಬಿಡುವುದಿಲ್ಲ. ನಿಮ್ಮ ಮಣಿಕಟ್ಟಿನ ತೆಳು ಅಂಚನ್ನು ಅವನ ಹೆಬ್ಬೆರಳಿನ ಕಡೆ ತಿರುಗಿಸಿ, ಮೊಣಕೈಯನ್ನು ಅವನ ಕಡೆಗೇ ಒಯ್ದು, ಒಂದೇ ಝಟಕಿಗೆ ಎಳೆಯಿರಿ. ನಿಧಾನಕ್ಕೆ ಎಳೆದರೆ ಬರುವುದಿಲ್ಲ. ಹತ್ತು ಸಲ ಮಾಡಿದ ಮೇಲೆ ನನ್ನ ಅರ್ಧ ತೂಕದ ಹುಡುಗಿಯೊಬ್ಬಳು ನನ್ನ ಕೈಯಿಂದ ಬಿಡಿಸಿಕೊಂಡಳು.

ಇಂಥ ಕೋರ್ಸಿನ ಪರವಾಗಿ ಗಟ್ಟಿ ಸಾಕ್ಷಿಯೂ ಇದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ ಒಂದು ಅಧ್ಯಯನ ನಡೆಯಿತು. 2015ರಲ್ಲಿ ಅದರ ಫಲಿತಾಂಶ ಬಂತು. ಒಂದು ಗುಂಪಿಗೆ ಕರಪತ್ರ ಕೊಟ್ಟರು. ಇನ್ನೊಂದಕ್ಕೆ ಒಟ್ಟು 12 ಗಂಟೆಯ ತರಬೇತಿ: ಅಪಾಯ ಗುರುತಿಸುವುದು, ಗೊತ್ತಿದ್ದವನ ವಿಷಯದಲ್ಲಿ ಮುಲಾಜು ಮುರಿಯುವುದು, ದನಿ, ಏಟು. ಒಂದು ವರ್ಷದಲ್ಲಿ ಕರಪತ್ರದ ಗುಂಪಿನಲ್ಲಿ ನೂರಕ್ಕೆ 9.8 ಮಂದಿ ಅತ್ಯಾಚಾರಕ್ಕೆ ಒಳಗಾಗಿದ್ದರು, ತರಬೇತಿ ಪಡೆದವರಲ್ಲಿ 5.2. ಹತ್ತಿರ ಹತ್ತಿರ ಅರ್ಧ. ಅದಕ್ಕೆ ಬೇಕಾದದ್ದು ಬ್ಲ್ಯಾಕ್ ಬೆಲ್ಟ್ ಅಲ್ಲ, 12 ಗಂಟೆ.

ಹಾಗಾದರೆ ಕ್ಲಾಸು ಹೇಗೆ ಆರಿಸುವುದು? ಒಂದು ದಿನ ಹೋಗಿ ಸುಮ್ನೆ ಕೂತು ನೋಡಿ. ಬಿಡದೆ ಗಟ್ಟಿಯಾಗಿ ಹಿಡಿಯುವ ಜೋಡಿಯ ಜೊತೆ ಅಭ್ಯಾಸ ಮಾಡಿಸುತ್ತಾರಾ? ಕೂಗಿಸುತ್ತಾರಾ? ಓಡಣಿ, ಜಡೆ, ಚಪ್ಪಲಿ ಹಾಕಿಕೊಂಡು ಮಾಡಿಸುತ್ತಾರಾ? ಗೊತ್ತಿದ್ದವರ ವಿಷಯ ಎತ್ತುತ್ತಾರಾ? ಮುಟ್ಟುವ ಮೊದಲು "ಮುಟ್ಟಲಾ" ಅಂತ ಕೇಳುತ್ತಾರಾ? ಈ ಕಡೆಯದು ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕಾಲೇಜುಗಳಲ್ಲಿ ಮಾರ್ಚ್ 8ಕ್ಕೆ ನಡೆಯುವ ಎರಡು ಗಂಟೆಯ ಕಾರ್ಯಕ್ರಮಕ್ಕೂ ಹೋಗಿ, ಬೇಡ ಅನ್ನುವುದಿಲ್ಲ. ಫೋಟೊ ಚೆನ್ನಾಗಿ ಬರುತ್ತದೆ. ಮುಂದಿನ ವಾರಕ್ಕೆ ಮರೆತುಹೋಗಿರುತ್ತದೆ.

ಆ ರಾತ್ರಿ

ಡಿಸೆಂಬರ್, ಹತ್ತು ಗಂಟೆ ಹತ್ತಿರ. ರಿಂಗ್ ರೋಡಿನಲ್ಲಿ ಒಂದು ಬೈಕು ಪಕ್ಕಕ್ಕೆ ಬಂತು. ಹಿಂದೆ ಕೂತವನು ನನ್ನ ಓಡಣಿಗೆ ಕೈ ಹಾಕಿದ. ನನ್ನ ಹತ್ತಿರ ಸ್ಪ್ರೇ ಇತ್ತು. ಎಲ್ಲಿ? ಬ್ಯಾಗಿನ ತಳದಲ್ಲಿ, ಟಿಫಿನ್ ಡಬ್ಬಿಯ ಕೆಳಗೆ, ಬ್ಯಾಗಿನ ಜಿಪ್ ಹಾಕಿತ್ತು. ಮುಂದೆ ಒಂದು ಚಹಾದ ಅಂಗಡಿಯ ಬೆಳಕು ಕಂಡಿತು. ಗಾಡಿಯನ್ನು ಅದರ ಬಾಗಿಲಿಗೇ ನುಗ್ಗಿಸಿ ನಿಲ್ಲಿಸಿ, ತಿರುಗಿ ನಿಂತು ಬೈಕಿನ ನಂಬರನ್ನು ಕೂಗಿದೆ. ಪೂರ್ತಿ ನಂಬರ್, ಎರಡು ಸಲ. ಆಮೇಲೆ ರುಮಾಲು ಸುತ್ತಿದ್ದ ಒಬ್ಬರನ್ನು ತೋರಿಸಿ, "ಕಾಕಾ, ನೀವು, ಇಲ್ಲಿ ಬರ್ರಿ" ಅಂದೆ. ಅವರು ಎದ್ದರು. ಅವರ ಹಿಂದೆ ಇನ್ನಿಬ್ಬರು ಎದ್ದರು. ಬೈಕು ಹೋಯಿತು. ಆಮೇಲೆ ಕೈ ಎಷ್ಟು ನಡುಗಿತೆಂದರೆ ಚಹಾ ಅರ್ಧ ಚೆಲ್ಲಿತು.

ಇದು ಹುಟ್ಟುಗುಣ ಅಲ್ಲ, ಆ ಭಾನುವಾರಗಳದು. ಗುಂಪಿಗೆ "ಯಾರಾದರೂ ಬನ್ನಿ" ಅಂದರೆ ಯಾರೂ ಬರುವುದಿಲ್ಲ, ಒಬ್ಬರನ್ನು ಗುರುತಿಟ್ಟು ಕರೆಯಿರಿ ಅಂತ ಅಲ್ಲೇ ಹೇಳಿಕೊಟ್ಟಿದ್ದರು. ಬಸ್ಸಿನಲ್ಲೂ ಹಾಗೇ. "ಏನ್ರೀ ಇದು" ಅನ್ನಬೇಡಿ. "ನೀಲಿ ಅಂಗಿ, ಕೈ ತೆಗಿ" ಅನ್ನಿ. ಎಲ್ಲರೂ ನೀಲಿ ಅಂಗಿಯನ್ನೇ ನೋಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ನಾವೇ ಜಾಸ್ತಿ ಇದ್ದೇವೆ, ಕೂಗಿಗೆ ಜೊತೆ ಸಿಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ಎಷ್ಟೇ ಕಲಿತರೂ ಕೆಲವರಿಗೆ ಆ ಕ್ಷಣದಲ್ಲಿ ಮೈ ಮರಗಟ್ಟುತ್ತದೆ. ಕೈಕಾಲು ಆಡುವುದಿಲ್ಲ, ದನಿ ಬರುವುದಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾಗಿ ತುರ್ತು ಚಿಕಿತ್ಸೆಗೆ ಬಂದ 298 ಹೆಂಗಸರನ್ನು ಮಾತಾಡಿಸಿ 2017ರಲ್ಲಿ ಒಂದು ಅಧ್ಯಯನ ಬಂತು. ನೂರಕ್ಕೆ 70 ಮಂದಿಗೆ ಹಾಗೇ ಆಗಿತ್ತು. ಅದು ಮೈಯ ಕೆಲಸ, ಹೇಡಿತನ ಅಲ್ಲ. ಎದುರು ಹೋರಾಡಲಿಲ್ಲ ಅಂದ ಮಾತ್ರಕ್ಕೆ ಒಪ್ಪಿಗೆ ಇತ್ತು ಅಂತ ಆಗುವುದಿಲ್ಲ ಅಂತ ನಮ್ಮ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೇ ಬರೆದಿದೆ.

ಹೊಡೆದರೆ ನಮ್ಮ ಮೇಲೆ ಕೇಸ್ ಆಗುತ್ತದಾ?

ವೈನಿ ಕೇಳಿದ ಪ್ರಶ್ನೆ ಇದು. ಆತ್ಮರಕ್ಷಣೆ ಅಪರಾಧ ಅಲ್ಲ, ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಅದನ್ನೇ ಹೇಳುತ್ತವೆ. ಅತ್ಯಾಚಾರದ ಉದ್ದೇಶದ ಹಲ್ಲೆ, ಆ್ಯಸಿಡ್ ದಾಳಿ, ಅಪಹರಣದ ಉದ್ದೇಶದ ಹಲ್ಲೆ ಇಂಥ ಸಂದರ್ಭಗಳಲ್ಲಿ ಎದುರಾಳಿಯ ಪ್ರಾಣ ಹೋದರೂ 38ನೇ ಕಲಮು ರಕ್ಷಣೆ ಕೊಡುತ್ತದೆ. ಆದರೆ ಅಪಾಯ ಇರುವಷ್ಟು ಹೊತ್ತು, ಅಪಾಯಕ್ಕೆ ತಕ್ಕಷ್ಟು. ಅವನು ಓಡುತ್ತಿದ್ದಾಗ ಬೆನ್ನಟ್ಟಿ ಹೊಡೆಯುವುದು ಇದರಲ್ಲಿ ಬರುವುದಿಲ್ಲ.

ದೂರು ಕೊಡಲು ಹೋದರೆ "ಇದು ನಮ್ಮ ಠಾಣೆಗೆ ಬರಲ್ಲ" ಅಂತ ತಿರುಗಿಸಿ ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಘಟನೆ ಆಳಂದದಲ್ಲಿ ಆದರೂ ಕಲಬುರಗಿಯ ಠಾಣೆಯಲ್ಲಿ ದೂರು ತಗೊಳ್ಳಬೇಕು. ಪ್ರತಿ ಪುಕ್ಕಟೆ ಕೊಡಬೇಕು. ಲೈಂಗಿಕ ಹಲ್ಲೆ ಆಗಿದ್ದರೆ ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು. ಲ್ಯಾಬ್‌ನವಳಾಗಿ ಇದನ್ನು ಸೇರಿಸುತ್ತೇನೆ: ಪರೀಕ್ಷೆಗೆ ಮುಂಚೆ ಸ್ನಾನ ಮಾಡಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ತೇವಕ್ಕೆ ಕೆಡುತ್ತದೆ. ಪೇಪರಿನಲ್ಲಿ ಸುತ್ತಿ. ಸ್ನಾನ ಮಾಡಿಬಿಟ್ಟಿದ್ದರೂ ಹೋಗಿ, ತಡವಾದರೂ ಹೋಗಿ. ಸಖಿ ಕೇಂದ್ರದಲ್ಲಿ ಆಸ್ಪತ್ರೆ, ಪೊಲೀಸ್, ವಕೀಲರ ನೆರವು ಒಂದೇ ಕಡೆ ಸಿಗುತ್ತದೆ.

ಹಾಗಾದರೆ ಏನು ಕೊಳ್ಳುವುದು?

ನನ್ನಂತೆ ರಾತ್ರಿ ಗಾಡಿ ಓಡಿಸುವವರಿಗೆ: ಧಾರೆಯ ತರಹದ ಸ್ಪ್ರೇ, ಡಿಕ್ಕಿಯಲ್ಲಲ್ಲ, ಜಾಕೆಟ್ಟಿನ ಹೊರಜೇಬಿನಲ್ಲಿ. ಎರಡು ಸೆಕೆಂಡಿನಲ್ಲಿ ಕೈಗೆ ಸಿಗದಿದ್ದರೆ ಅದು ಇಲ್ಲದ ಹಾಗೇ. ಓಡಣಿಯ ಎರಡೂ ತುದಿ ಜಾಕೆಟ್ಟಿನೊಳಗೆ. ದಿನಾ ಬಸ್ಸಿನವರಿಗೆ: ಪಿನ್ನು, ಅಲಾರಂ, ಗಟ್ಟಿ ದನಿ. ಹೊಲಕ್ಕೆ, ದೂರದ ಶಾಲೆಗೆ ನಡೆಯುವವರಿಗೆ: ಕೊರಳಲ್ಲಿ ಸೀಟಿ, ಜೊತೆಗೆ ಇನ್ನೊಬ್ಬಳು. ಪೀಜಿಯಲ್ಲಿ ಇರುವವರು ಎಲ್ಲಕ್ಕಿಂತ ಮೊದಲು ಬಾಗಿಲಿಗೆ ಒಳಗಿನ ಚಿಲಕ ಸರಿ ಇದೆಯಾ ನೋಡಿ. ಭಯ ಮನೆಯೊಳಗಿನವನದೇ ಆಗಿದ್ದರೆ ಇವು ಯಾವುವೂ ಅಲ್ಲ. ಒಬ್ಬ ನಂಬುವ ಮನುಷ್ಯರಿಗೆ ಹೇಳುವುದು, 181, ಬೇರೆ ಕಡೆ ಎರಡು ಜೊತೆ ಬಟ್ಟೆ ಮತ್ತು ದಾಖಲೆಗಳ ಪ್ರತಿ. ಐನೂರು ರೂಪಾಯಿ ಮಾತ್ರ ಇದ್ದರೆ ಸೀಟಿ ಕೊಂಡು ಉಳಿದದ್ದನ್ನು ಕೋರ್ಸಿಗೆ ಇಡಿ.

ಅಣ್ಣನ ಮಗಳು ಅಲಾರಂ ತಗೊಂಡಳು. ಎರಡು ಭಾನುವಾರ ನಮ್ಮ ಹಾಲ್‌ನಲ್ಲೇ ಅವಳಿಗೆ "ಬೇಡ" ಅನ್ನಿಸಿದೆ. ಮೊದಲ ಸಲ ಅವಳೂ ನಕ್ಕಳು. ಎಂಟನೇ ಸಲಕ್ಕೆ ಅವ್ವ ಸೌಟು ಹಿಡಿದು ಓಡಿ ಬಂದಳು, ಯಾರು ಏನು ಮಾಡಿದರೋ ಅಂತ. ಅಣ್ಣ ಸ್ಪ್ರೇಯನ್ನೂ ತರಿಸಿಯೇ ಬಿಟ್ಟ, ಅದು ಈಗ ವೈನಿಯ ಪರ್ಸಿನಲ್ಲಿದೆ.

ಮೊದಲ ದಿನ ಕಡಗಂಚಿ ತಲುಪಿದ ಮೇಲೆ ಮೆಸೇಜ್ ಬಂತು. "ಅತ್ತಿ, ಮುಟ್ಟೀನಿ. ಬಸ್ಸಿನಾಗ ಒಬ್ಬಾಂವಗ ಸರದು ನಿಲ್ರಿ ಅಂದೆ. ಆಂವನೂ ಸರದ, ಆಂವನ ಹಿಂದಿನಾಂವನೂ ಸರದ."